ಸಣ್ಣ ಊರಿನ ನೀರಿನ ಹಕ್ಕು

ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿರುವ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಬಳಿಕ ಪುನಃ ಕೋಡಿ ಬಿದ್ದುದು 2022ರಲ್ಲಿ. ನಡುವೆ 89 ವರ್ಷಗಳು ಕಳೆದುವು. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಈ ಕಟ್ಟೆಯ ಮುಖ್ಯೋದ್ದೇಶ ವ್ಯವಸಾಯ. ಹಿರಿಯೂರು, ಚಳ್ಳಕೆರೆ, ಚಿತ್ರದುರ್ಗಗಳ ಕೊಡಗಳು ಅದರ ಮುಂದೆ ಬಂದು ನಿಂತದ್ದು ಅನಂತರದ ಮಾತು. ತಡವಾಗಿ ಬಂದವರಿಗೆ ಪಂಕ್ತಿಯ ಕೊನೆಯಲ್ಲಿ ಎಲೆ ಹಾಕುವುದು ಲೋಕರೂಢಿಯಷ್ಟೆ. ಆದರೆ ಬಾಯಾರಿಕೆಯ ವಿಷಯದಲ್ಲಿ ಈ ರೂಢಿಯು ನ್ಯಾಯವೇ ಎಂಬುದನ್ನು ವಾಚಕರು ವಿಚಾರ ಮಾಡತಕ್ಕದ್ದು.

ಕುಡಿಯುವ ನೀರಿಗೆ ಪ್ರಥಮ ಸ್ಥಾನವೆಂದು 1987ರ ರಾಷ್ಟ್ರೀಯ ಜಲನೀತಿಯೇ ಸಾರಿತು. 2002ರ ನೀತಿಯೂ ಅದನ್ನೇ ಹೇಳಿತು. ರಾಜ್ಯಾಂಗದ 74ನೆಯ ತಿದ್ದುಪಡಿಯಿಂದ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ಪುರಸಭೆಗಳಿಗೆ ವಹಿಸಬಹುದಾದ ಕಾರ್ಯಗಳಲ್ಲಿ ನೀರು ಸರಬರಾಜು ಸೇರಿದೆ. ಇಷ್ಟೆಲ್ಲ ಇದ್ದೂ ಜಲಾಶಯದ ಬೀಗದ ಕೈ ಪುರಸಭೆಯ ಬಳಿ ಇಲ್ಲ. ನಲ್ಲಿ ಬತ್ತಿದಾಗ ಜನರ ಬೈಗುಳು ಮಾತ್ರ ಅದರ ಪಾಲಿಗೆ. ಹೊಣೆ ಒಬ್ಬರದು, ಅಧಿಕಾರ ಮತ್ತೊಬ್ಬರದು ಎಂಬ ಏರ್ಪಾಡು ಎಲ್ಲಿಯೂ ಸುಖವನ್ನು ತಂದುದಿಲ್ಲ.

ದೊಡ್ಡ ಪಟ್ಟಣಗಳ ಮಾತು ಬೇರೆ. 2018ರ ಫೆಬ್ರವರಿ 16ರಂದು ಕಾವೇರಿ ವ್ಯಾಜ್ಯದಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು ಬೆಂಗಳೂರಿನ ಹೆಸರನ್ನೆತ್ತಿಯೇ 475 ಕೋಟಿ ಘನ ಅಡಿ ನೀರನ್ನು ಹೆಚ್ಚಾಗಿ ಕೊಟ್ಟಿತು. ಅದು ಯುಕ್ತವೇ, ನಮಗೆ ಅಸೂಯೆಯಿಲ್ಲ. ಆದರೆ ಸಣ್ಣ ಊರಿನ ಹೆಸರೆತ್ತುವವರು ಯಾರು? 1999ರ ಕೇಂದ್ರದ ಕೈಪಿಡಿಯು ಒಳಚರಂಡಿಯುಳ್ಳ ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್, ಒಳಚರಂಡಿಯಿಲ್ಲದ ಊರಿನಲ್ಲಿ 70 ಲೀಟರ್ ಎಂದು ಅಳೆಯಿತು. ಒಂದು ಸೌಕರ್ಯವಿಲ್ಲವೆಂಬುದೇ ಮತ್ತೊಂದನ್ನು ಅರ್ಧಕ್ಕಿಳಿಸಲು ಕಾರಣವಾಯಿತು!

ರೈತನ ಬಾಯಿಗೆ ಮಣ್ಣು ಹಾಕಿ ಪಟ್ಟಣಿಗನಿಗೆ ನೀರೆರೆಯುವುದೇ ಎಂದು ಕೆಲವರು ಕೇಳುವರು. ಲೆಕ್ಕವನ್ನೇ ನೋಡೋಣ. ಒಂದು ಲಕ್ಷ ಜನರಿಗೆ ತಲೆಗೆ 135 ಲೀಟರಿನಂತೆ ವರ್ಷಕ್ಕೆ ಬೇಕಾಗುವುದು ಸುಮಾರು 17 ಕೋಟಿ 40 ಲಕ್ಷ ಘನ ಅಡಿ. ವಾಣೀವಿಲಾಸ ಸಾಗರ ತುಂಬಿದರೆ ಹಿಡಿಯುವುದು ಸುಮಾರು 3,000 ಕೋಟಿ ಘನ ಅಡಿ. ಅಂದರೆ ನೂರೈವತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ಸೋರಿಕೆಗೆ ಇನ್ನಷ್ಟು ಸೇರಿಸಿದರೂ ರೈತನಿಗೆ ಇದರಿಂದ ಕೇಡಿಲ್ಲ. ಕೇಡು ಬರುವುದು ಕೆರೆ ತಳಕಂಡ ಮೇಲೆ ಅವಸರದಲ್ಲಿ ಹಂಚಲು ಹೊರಡುವುದರಿಂದ. ಆಗ ರೈತನ ಪೈರೂ ಒಣಗುವುದು, ಊರಿನ ಗಂಟಲೂ ಒಣಗುವುದು. ಇಬ್ಬರೂ ಒಬ್ಬರನ್ನೊಬ್ಬರು ಶತ್ರುಗಳೆಂದೆಣಿಸುವರು.

ಕಾಗದದ ಮೇಲಿನ ಹಕ್ಕು ದಾಹವನ್ನು ತಣಿಸದು. ಮಹಾಡದ ಪುರಸಭೆಯು ಚವದಾರ ಕೆರೆಯು ಸರ್ವರಿಗೂ ತೆರೆದಿದೆಯೆಂದು 1924ರಲ್ಲಿಯೇ ಠರಾವು ಮಾಡಿತ್ತು. ಆದರೂ 1927ರ ಮಾರ್ಚಿಯಲ್ಲಿ ಡಾಕ್ಟರ್ ಅಂಬೇಡಕರರು ಸಹಸ್ರಾರು ಜನರೊಡನೆ ನಡೆದು ಬೊಗಸೆ ನೀರು ಕುಡಿಯಬೇಕಾಯಿತು. ಆ ವ್ಯಾಜ್ಯವು ಉಚ್ಚ ನ್ಯಾಯಾಲಯದಲ್ಲಿ ಇತ್ಯರ್ಥವಾಗುವ ಹೊತ್ತಿಗೆ 1937 ಬಂದಿತ್ತು. ಠರಾವಿಗೂ ಬೊಗಸೆಗೂ ಇರುವ ದೂರವನ್ನು ಅಳೆಯುವುದೇ ಆಡಳಿತದ ಪರೀಕ್ಷೆ.

ಆದುದರಿಂದ ಸರಕಾರವು ಮೂರು ಕೆಲಸಗಳನ್ನು ಮಾಡತಕ್ಕದ್ದು. ಪ್ರತಿ ವರ್ಷ ಕಾಲುವೆಯ ತೂಬು ತೆಗೆಯುವ ಮುನ್ನವೇ ಮುಂದಿನ ಮಳೆಗಾಲದ ವರೆಗಿನ ಕುಡಿಯುವ ನೀರನ್ನು ಪ್ರತ್ಯೇಕವಾಗಿ ಕಾದಿರಿಸಿ, ಆ ಅಂಕಿಯನ್ನು ಊರಿನ ಚಾವಡಿಯಲ್ಲಿ ಪ್ರಕಟಿಸಬೇಕು. ನೀರು ಹಂಚುವ ಸಭೆಯಲ್ಲಿ ಪುರಸಭೆಗೆ ಕೃಪೆಯಿಂದಲ್ಲ, ಹಕ್ಕಿನಿಂದ ಸ್ಥಾನವಿರಬೇಕು. ಊರಿನಲ್ಲಿ ಬಳಸಿಬಿಟ್ಟ ನೀರನ್ನು ಶುದ್ಧಿಗೊಳಿಸಿ ಹೊಲಗಳಿಗೆ ಹಿಂದಿರುಗಿಸಲು ಹಣ ಒದಗಿಸಬೇಕು. ಪುರಸಭೆಯವರೂ ಸುಮ್ಮನೆ ಕೈ ಚಾಚಿ ಕೂರತಕ್ಕದ್ದಲ್ಲ. ಒಡೆದ ಕೊಳವೆಗಳನ್ನು ದುರಸ್ತು ಮಾಡಿಸದೆ, ಊರ ಮುಂದಿನ ಕೆರೆಯ ಹೂಳೆತ್ತಿಸದೆ ಹೆಚ್ಚು ನೀರನ್ನು ಕೇಳುವ ಬಾಯಿಗೆ ಬಲವಿಲ್ಲ.

ಕಟ್ಟೆ ತುಂಬಿದಾಗ ಬಾಗಿನ ಅರ್ಪಿಸಲು ಎಲ್ಲರೂ ಮುಂದಾಗುವರು. ನೀರಿನ ಲೆಕ್ಕ ಬರೆಯತಕ್ಕ ಕಾಲವೂ ಅದೇ. ಬತ್ತಿದ ಮೇಲೆ ಬರೆದ ಲೆಕ್ಕದಿಂದ ಯಾರ ಕೊಡವೂ ತುಂಬದು.