ಆಟ ಕೆಟ್ಟದ್ದು ಎಂದರೆ ಮಾನ ಹೋಗುತ್ತದೆಯೇ?

ಒಂದು ಕಂಪ್ಯೂಟರ್ ಆಟ. ಅದನ್ನು ಆಡಿ ನೋಡಿದ ವಿಮರ್ಶಕರೊಬ್ಬರು, ಈ ವರ್ಷದ ಅತ್ಯಂತ ಕೆಟ್ಟ ಆಟ ಎನ್ನಿಸಿಕೊಳ್ಳುವ ಸ್ಪರ್ಧೆಯಲ್ಲಿ ಇದೂ ಇದೆ ಎಂದರು. ಆಟ ತಯಾರಿಸಿದವನು ಕೋರ್ಟಿಗೆ ಹೋಗಿ ಒಂದು ಕೋಟಿ ಡಾಲರ್ ಪರಿಹಾರ ಕೇಳಿದ. ಆಗಿನ ಲೆಕ್ಕದಲ್ಲಿ 65 ಕೋಟಿ ರೂಪಾಯಿಗೂ ಮೇಲೆ! ಆಟ ಮಾರಿ ಅಷ್ಟು ದುಡ್ಡು ಕಾಣುವ ಯೋಗ್ಯತೆ ಇರಲಿಲ್ಲ, ಬೈಸಿಕೊಂಡಾದರೂ ದುಡಿಯೋಣ ಎಂದುಕೊಂಡರೋ ಏನೋ.

ಇದು ಕಟ್ಟುಕತೆಯಲ್ಲ. ಅಮೆರಿಕದ ಡಿಜಿಟಲ್ ಹೋಮಿಸೈಡ್ ಎಂಬ ಪುಟ್ಟ ಕಂಪನಿ 2014ರಲ್ಲಿ 'ದಿ ಸ್ಲಾಟರಿಂಗ್ ಗ್ರೌಂಡ್ಸ್' ಎಂಬ ಆಟ ಬಿಟ್ಟಿತು. ಜಿಮ್ ಸ್ಟರ್ಲಿಂಗ್ ಎಂಬ ಹೆಸರಿನಲ್ಲಿ ಆಗ ಪ್ರಸಿದ್ಧರಾಗಿದ್ದ ವಿಮರ್ಶಕರು ಅದನ್ನು ಆಡುತ್ತಲೇ ಗೇಲಿ ಮಾಡಿ ವಿಡಿಯೋ ಹಾಕಿದರು. ಕಂಪನಿಯವರು ಮೊದಲು ಎದುರು ವಿಡಿಯೋ ಹಾಕಿದರು, ಆಮೇಲೆ ಕಾಪಿರೈಟ್ ದೂರು ಕೊಟ್ಟರು. ಕೊನೆಗೆ 2016ರ ಮಾರ್ಚಿನಲ್ಲಿ ಕಂಪನಿಯ ಜೇಮ್ಸ್ ರೊಮೈನ್ ಅರಿಜೋನಾದ ಫೆಡರಲ್ ಕೋರ್ಟಿನಲ್ಲಿ ತಾನೇ ವಕೀಲನಾಗಿ ಮಾನನಷ್ಟ ದಾವೆ ಹೂಡಿದ. ಸಾಲದೆಂಬಂತೆ ಅದೇ ಸೆಪ್ಟೆಂಬರಿನಲ್ಲಿ, ತನ್ನ ಆಟ ಕೊಂಡು ಬೈದಿದ್ದ 100 ಜನ ಗಿರಾಕಿಗಳ ಮೇಲೂ ದಾವೆ! ಆಟ ಮಾರುತ್ತಿದ್ದ ಸ್ಟೀಮ್ ಅಂಗಡಿಯ ಒಡೆಯರಾದ ವಾಲ್ವ್ ಕಂಪನಿಯವರು, ಗಿರಾಕಿಗಳ ಮೇಲೆಯೇ ಯುದ್ಧ ಸಾರುವವನ ಸರಕು ನಮಗೆ ಬೇಡ ಎಂದು ಅವನ ಆಟಗಳನ್ನೆಲ್ಲ ಕಪಾಟಿನಿಂದ ಇಳಿಸಿದರು. ಗಿರಾಕಿಗಳ ಮೇಲಿನ ದಾವೆಯನ್ನು ಅವನೇ ಹಿಂತೆಗೆದ. ಸ್ಟರ್ಲಿಂಗ್ ಮೇಲಿನದು 2017ರ ಫೆಬ್ರವರಿಯಲ್ಲಿ, ಮತ್ತೆಂದೂ ಹೂಡಲಾಗದಂತೆ ವಜಾ ಆಯಿತು.

ಅಮೆರಿಕದ ಜಗಳ ನಮಗೇಕೆ ಎಂದು ಕೇಳಬೇಡಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯಿಂದ ಬಂದು ಮೈಸೂರು, ಬೆಂಗಳೂರಿನ ಪಿ.ಜಿ.ಗಳಲ್ಲಿ ಕುಳಿತಿರುವ ನಮ್ಮ ಹುಡುಗರು ಇವತ್ತು ಅಚ್ಚಕನ್ನಡದಲ್ಲಿ ಆಟ, ಸಿನಿಮಾ, ಫೋನು, ಆ್ಯಪು ಎಲ್ಲವನ್ನೂ ವಿಮರ್ಶೆ ಮಾಡುತ್ತಿದ್ದಾರೆ. ಕ್ಯಾಮೆರಾ ಇಲ್ಲ, ಸ್ಟುಡಿಯೋ ಇಲ್ಲ. ಕೈಲಿ ಒಂದು ಮೊಬೈಲು, ಬಾಯಲ್ಲಿ ಊರ ಭಾಷೆ. ಇವರ ಮನೆಗೆ ಒಂದು ದಿನ ಯಾವುದೋ ದೊಡ್ಡ ಕಂಪನಿಯ ವಕೀಲನಿಂದ ಇಂಗ್ಲಿಷಿನಲ್ಲಿ ಹನ್ನೆರಡು ಪುಟದ ನೋಟಿಸು ಬಂದರೆ? ಅಪ್ಪ ಅದನ್ನು ಹಿಡಿದುಕೊಂಡು ಪಕ್ಕದ ಮನೆಯ ಮೇಷ್ಟ್ರ ಹತ್ತಿರ ಓಡುತ್ತಾರೆ. ಕೋಟಿ ಎಂಬ ಅಂಕಿ ಕಂಡ ಕೂಡಲೇ ಅವ್ವನ ಕಣ್ಣಲ್ಲಿ ನೀರು. ಹುಡುಗ ರಾತ್ರೋರಾತ್ರಿ ವಿಡಿಯೋ ಅಳಿಸುತ್ತಾನೆ. ಕಂಪನಿಗೆ ಬೇಕಾಗಿದ್ದೂ ಅಷ್ಟೇ.

ಒಂದು ಮಾತು ಕೇಳುತ್ತೇವೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳಲ್ಲಿ ನಮ್ಮ ರೈತ ಬ್ಯಾರನ್ನಿನ ಮುಂದೆ ನಿದ್ದೆಗೆಟ್ಟು ಹದ ಮಾಡಿದ ತಂಬಾಕಿನ ಬೇಲು ಎಲ್ಲರ ಎದುರು ಬಿಚ್ಚಿಕೊಳ್ಳುತ್ತದೆ. ಕಂಪನಿಯವರು ಎಲೆ ಮುಟ್ಟಿ, ಮೂಸಿ, 'ಲೋ ಗ್ರೇಡು' ಎಂದು ಮುಂದೆ ಹೋಗುತ್ತಾರೆ. ಕೆಲವು ಬೇಲಿಗೆ ಬಿಡ್ಡೇ ಇಲ್ಲ. ರೈತ ಬೈದಾನು, ಹರಾಜು ನಿಲ್ಲಿಸಿ ರಸ್ತೆಗೆ ಇಳಿದಾನು. ಆದರೆ ನನ್ನ ಎಲೆ ಕೀಳು ಎಂದದ್ದರಿಂದ ನನ್ನ ಮಾನ ಹೋಯಿತು, ಹತ್ತು ಕೋಟಿ ಕೊಡಿ ಎಂದು ಐ.ಟಿ.ಸಿ. ಮೇಲೆ ದಾವೆ ಹೂಡಿದ ಹುಣಸೂರಿನ ರೈತನನ್ನು ನಾವಂತೂ ಕಂಡಿಲ್ಲ. ಸರಕನ್ನು ಮಾರುಕಟ್ಟೆಗೆ ತಂದ ಮೇಲೆ ನಾಲ್ಕು ಜನ ಮುಟ್ಟಿ ನೋಡುತ್ತಾರೆ, ಮಾತಾಡುತ್ತಾರೆ ಎಂಬುದು ಅವನಿಗೆ ಗೊತ್ತು. ಕೆ.ಆರ್.ನಗರದ ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವ ದುರ್ಯೋಧನನಿಗೂ ಅದು ಗೊತ್ತು. ರಾಗ ತಪ್ಪಿದರೆ ಮುಂದಿನ ಸಾಲಿನ ಮುದುಕನೇ ಕೂಗುತ್ತಾನೆ. ಇವರಿಗೆ ಇರುವ ತಿಳಿವಳಿಕೆ ಏ.ಸಿ. ರೂಮಿನ ಕಂಪನಿಗೆ ಬೇಡವೇ ಸ್ವಾಮಿ?

ನಮ್ಮ ದೇಶದಲ್ಲೂ ಆಟದ ಹೆಸರಿನಲ್ಲಿ ಒಂದು ದೊಡ್ಡ ಮಾನನಷ್ಟ ದಾವೆ ನಡೆದಿದೆ. ಇಲ್ಲಿ ಪಾತ್ರಗಳು ಅದಲುಬದಲು. ಆಟ ಮಾಡಿದವರೇ ಟೀಕಾಕಾರರು, ದಾವೆ ಹೂಡಿದ್ದು ಉದ್ಯಮಿ. ಒಡಿಶಾದ ಧಾಮ್ರಾದಲ್ಲಿ ಟಾಟಾ ಸ್ಟೀಲ್ ಮತ್ತು ಎಲ್ ಅಂಡ್ ಟಿ ಸೇರಿ ಬಂದರು ಕಟ್ಟುತ್ತಿದ್ದವು. ಹತ್ತಿರದ ಗಹಿರ್‌ಮಾಥಾ ಕಡಲತೀರ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಬರುವ ಜಾಗ. ಬಂದರಿನಿಂದ ಆಮೆಗಳ ಕುಲವೇ ಅಳಿಯುತ್ತದೆ ಎಂದು ಬೆಂಗಳೂರಿನಲ್ಲಿ ಕಚೇರಿಯಿದ್ದ ಗ್ರೀನ್‌ಪೀಸ್ ಸಂಸ್ಥೆ 2010ರಲ್ಲಿ 'ಟರ್ಟಲ್ ವರ್ಸಸ್ ಟಾಟಾ' ಎಂಬ ಆಟ ಬಿಟ್ಟಿತು. ಹಳೆಯ ಪ್ಯಾಕ್‌ಮ್ಯಾನ್ ಆಟದ ಹಾಗೆಯೇ. ಆಮೆ ಚುಕ್ಕಿ ತಿನ್ನುತ್ತಾ ಹೋಗಬೇಕು, ಬೆನ್ನಟ್ಟುವ ಭೂತಗಳಿಂದ ತಪ್ಪಿಸಿಕೊಳ್ಳಬೇಕು. ಆ ಭೂತಗಳ ಮೈಮೇಲೆ ಟಾಟಾ ಕಂಪನಿಯ ಗುರುತು! ಟಾಟಾ ಸನ್ಸ್ ದೆಹಲಿ ಹೈಕೋರ್ಟಿಗೆ ಹೋಗಿ 10 ಕೋಟಿ ರೂಪಾಯಿ ಪರಿಹಾರ ಕೇಳಿತು, ಆಟವನ್ನು ಕೂಡಲೇ ನಿಲ್ಲಿಸಿ ಎಂದಿತು. ಇದು ಇಂಟರ್ನೆಟ್ಟು, ಪತ್ರಿಕೆಯಂತಲ್ಲ, ಕ್ಷಣದಲ್ಲಿ ಲೋಕವೆಲ್ಲ ಹಬ್ಬುತ್ತದೆ, ಆದ್ದರಿಂದ ಕಾನೂನೂ ಬೇರೆಯೇ ಇರಬೇಕು ಎಂಬುದು ಅವರ ವಾದ.

ತೀರ್ಪು ಬಂದದ್ದು 2011ರ ಜನವರಿ 28ರಂದು. ಕೊಟ್ಟವರು ನ್ಯಾಯಮೂರ್ತಿ ಎಸ್. ರವೀಂದ್ರ ಭಟ್. ಹುಟ್ಟಿದ್ದು ನಮ್ಮ ಮೈಸೂರಿನಲ್ಲಿ. ಮುಂದೆ ಸುಪ್ರೀಂ ಕೋರ್ಟಿನವರೆಗೂ ಹೋದವರು. ಮಾಧ್ಯಮ ಹೊಸದು ಎಂದ ಮಾತ್ರಕ್ಕೆ ಮಾತಿನ ಸ್ವಾತಂತ್ರ್ಯದ ಅಳತೆಗೋಲು ಬದಲಾಗದು, ಟೀಕಾಕಾರ ತನ್ನ ಮಾತನ್ನು ಸಮರ್ಥಿಸಿಕೊಳ್ಳುತ್ತೇನೆ ಎಂದಾಗ ವಿಚಾರಣೆಗೆ ಮೊದಲೇ ಬಾಯಿ ಕಟ್ಟಲಾಗದು ಎಂದು ಅವರು ತಡೆಯಾಜ್ಞೆ ನಿರಾಕರಿಸಿದರು. ಅಣಕ, ಉತ್ಪ್ರೇಕ್ಷೆ ಎಲ್ಲವೂ ಟೀಕೆಯ ಆಯುಧಗಳೇ. ತಡೆಯಾಜ್ಞೆ ಕೊಟ್ಟರೆ ಆಮೆಗಳ ಬಗ್ಗೆ ನಡೆಯುತ್ತಿರುವ ಸಾರ್ವಜನಿಕ ಚರ್ಚೆಯೇ ಹೆಪ್ಪುಗಟ್ಟುತ್ತದೆ ಎಂಬುದನ್ನೂ ಅವರು ತೂಗಿ ನೋಡಿದರು. ಬಂದರು ಆಮೇಲೂ ಎದ್ದು ನಿಂತಿತು, ಅದು ಬೇರೆ ಮಾತು. ಆದರೆ ಬಾಯಿ ಕಟ್ಟಲಾಗಲಿಲ್ಲ.

ಕಾನೂನು ಏನನ್ನುತ್ತದೆ ಎಂಬುದನ್ನು ಹುಡುಗರು ಸರಿಯಾಗಿ ತಿಳಿದಿರಬೇಕು. 1860ರ ದಂಡ ಸಂಹಿತೆಯ 499ನೇ ಕಲಮಿನಲ್ಲಿ ಹತ್ತು ವಿನಾಯಿತಿಗಳಿದ್ದವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿಗೂ ಅವು ಬಂದಿವೆ. ಆರನೆಯದು ವಿಮರ್ಶಕರಿಗೆಂದೇ ಇರುವಂಥದ್ದು. ಜನರ ತೀರ್ಪಿಗೆ ಒಡ್ಡಿದ ಕೃತಿಯ ಬಗ್ಗೆ ಸದ್ಭಾವನೆಯಿಂದ ಅಭಿಪ್ರಾಯ ಹೇಳುವುದು ಅಪರಾಧವಲ್ಲ. ಪುಸ್ತಕ ಪ್ರಕಟಿಸಿದವನು, ಸಭೆಯಲ್ಲಿ ಭಾಷಣ ಮಾಡಿದವನು, ರಂಗದ ಮೇಲೆ ನಟಿಸಿದವನು ಎಲ್ಲರೂ ತಮ್ಮ ಕೆಲಸವನ್ನು ಜನರ ಮುಂದೆ ಒಡ್ಡಿದವರೇ. ದುಡ್ಡಿಗೆ ಆಟ ಮಾರುವವನು ಇವರಿಗಿಂತ ಹೇಗೆ ಬೇರೆ?

ಗೆರೆ ಎಲ್ಲಿದೆ ಎಂಬುದನ್ನೂ ಅಲ್ಲೇ ಉದಾಹರಣೆ ಸಮೇತ ಹೇಳಿದ್ದಾರೆ. ಪುಸ್ತಕ ಪೆದ್ದುಪೆದ್ದಾಗಿದೆ, ಬರೆದವನ ಬುದ್ಧಿಯೂ ಅಷ್ಟಕ್ಕಷ್ಟೇ ಇರಬೇಕು ಎನ್ನಬಹುದು. ಆ ಮಾತು ಪುಸ್ತಕದಿಂದಲೇ ಹುಟ್ಟಿದ್ದು. ಅವನು ಲಂಪಟ, ಅದಕ್ಕೇ ಪುಸ್ತಕ ಹೀಗಿದೆ ಎಂದರೆ ಸಿಕ್ಕಿಬಿದ್ದಿರಿ. ಆದ್ದರಿಂದ ಆಟವನ್ನು ಬೈಯಿರಿ, ಗ್ರಾಫಿಕ್ಸನ್ನು ಬೈಯಿರಿ, ಬೆಲೆಯನ್ನು ಬೈಯಿರಿ. ಮಾಡಿದವನ ಹೆಂಡತಿ, ಜಾತಿ, ಅಮ್ಮನ ತಂಟೆಗೆ ಹೋಗಬೇಡಿ. ಕದ್ದ ಚಿತ್ರ ಹಾಕಿದ್ದಾನೆ ಎನ್ನುವುದಾದರೆ ಮೂಲ ಚಿತ್ರ ಕೈಯಲ್ಲಿರಲಿ. ಕನ್ನಡದಲ್ಲಿ ಬೈಗುಳಕ್ಕೆ ಬರವಿಲ್ಲ ನಿಜ, ಎಲ್ಲವನ್ನೂ ಒಂದೇ ವಿಡಿಯೋದಲ್ಲಿ ಖರ್ಚು ಮಾಡಬೇಕಾಗಿಲ್ಲ.

ಆಧಾರವಿಲ್ಲದಿದ್ದರೆ ಏನಾಗುತ್ತದೆ? ಗೌರಿ ಲಂಕೇಶ್ ತಮ್ಮ ಪತ್ರಿಕೆಯಲ್ಲಿ 2008ರಲ್ಲಿ ಪ್ರಕಟಿಸಿದ ವರದಿಗೆ, ಬಿಜೆಪಿ ನಾಯಕರ ದೂರಿನ ಮೇಲೆ, 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ಕೋರ್ಟು ಆರು ತಿಂಗಳ ಸಜೆ ವಿಧಿಸಿತು. ಜಾಮೀನು ಸಿಕ್ಕಿತು. ಆದರೆ ಎಂಟು ವರ್ಷ! ಪತ್ರಿಕೆ ಬೆಂಗಳೂರಿನದು, ಅಲೆದಾಟ ಹುಬ್ಬಳ್ಳಿಗೆ. ದೆಹಲಿಯ ಕ್ಯಾರವಾನ್ ಪತ್ರಿಕೆಯ ಮೇಲೆ ಐ.ಐ.ಪಿ.ಎಂ. ಸಂಸ್ಥೆ 2011ರಲ್ಲಿ 50 ಕೋಟಿಯ ದಾವೆ ಹೂಡಿದ್ದು ಎಲ್ಲಿ ಗೊತ್ತೇ? ಅಸ್ಸಾಮಿನ ಸಿಲ್ಚಾರಿನಲ್ಲಿ. ತೀರ್ಪು ಏನೇ ಬರಲಿ, ರೈಲು ಚಾರ್ಜೇ ಶಿಕ್ಷೆ. ಎಚ್.ಡಿ.ಕೋಟೆಯ ಹುಡುಗನಿಗೆ ದೆಹಲಿಯಿಂದ ಸಮನ್ಸ್ ಬಂದರೆ ಅವನು ಏನು ಮಾಡಬೇಕು? ಹುಣಸೂರಿನ ಕೋರ್ಟಿನಲ್ಲಾದರೆ ಕನ್ನಡದಲ್ಲಿ ತನ್ನ ಮಾತು ಹೇಳಿಯಾನು. ಅಲ್ಲಿ ಅವನು ಮೂಗ. ಕ್ರಿಮಿನಲ್ ಮಾನನಷ್ಟ ಕಾನೂನನ್ನು ಸುಪ್ರೀಂ ಕೋರ್ಟು 2016ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಎರಡು ವರ್ಷದ ಸಜೆಯ ಕತ್ತಿ ಇನ್ನೂ ತೂಗುತ್ತಿದೆ. ಆಟ ಚೆನ್ನಾಗಿಲ್ಲ ಎಂಬ ಜಗಳಕ್ಕೆ ಜೈಲಿನ ಬಾಗಿಲು ತೋರಿಸುವ ಕಾನೂನು ನಮಗೆ ಬೇಕೇ? ಬೇಡ ಎಂಬುದು ಈ ಪತ್ರಿಕೆಯ ನಿಲುವು. ನಷ್ಟವಾಗಿದ್ದರೆ ಸಿವಿಲ್ ದಾವೆ ಇದೆ, ಸಾಕು.

ಇನ್ನು ದುಡ್ಡಿನ ಆಟಗಳು. ಹರಾಜಿನ ದುಡ್ಡು ಕೈಗೆ ಬಂದ ವಾರವೇ ಮಗ ಮೊಬೈಲಿನ ರಮ್ಮಿಯಲ್ಲಿ ಅದನ್ನು ಕಳೆದ ಎಂದಿಟ್ಟುಕೊಳ್ಳಿ. ಅವನು 2022ರಲ್ಲಿ, ಇದು ಆಟವಲ್ಲ ಜೂಜು ಎಂದು ವಿಡಿಯೋ ಮಾಡಿದ್ದರೆ? ನಮ್ಮದು ಕೌಶಲದ ಆಟ, ನಮ್ಮ ಹೆಸರು ಕೆಡಿಸಿದ ಎಂದು ಕಂಪನಿ ಮೇಲೆ ಬೀಳಬಹುದಿತ್ತು. ಕರ್ನಾಟಕ ಸರ್ಕಾರ 2021ರಲ್ಲಿ ತಂದ ನಿಷೇಧವನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟು ರದ್ದು ಮಾಡಿತ್ತಲ್ಲ. ಆದರೆ 2025ರ ಆಗಸ್ಟಿನಲ್ಲಿ ಸಂಸತ್ತೇ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಮೂರು ವರ್ಷ ಮೊದಲೇ ಹೇಳಿದವನ ಬಾಯಿ ಮುಚ್ಚಿಸಿದ್ದರೆ ನಷ್ಟ ಯಾರಿಗೆ?

ನೋಟಿಸು ಬಂದರೆ ಕೈಕಾಲು ನಡುಗಿಸಿಕೊಳ್ಳಬೇಡಿ. ವಕೀಲರ ನೋಟಿಸು ಕೋರ್ಟಿನ ಆದೇಶವಲ್ಲ. ಸಿವಿಲ್ ದಾವೆ ಹೂಡಲು ಪ್ರಕಟಣೆಯ ದಿನದಿಂದ ಒಂದು ವರ್ಷ, ಕ್ರಿಮಿನಲ್ ದೂರಿಗೆ ಮೂರು ವರ್ಷದ ಗಡುವು ಇದೆ. ಮೊದಲು ತಾರೀಖು ನೋಡಿ. ಖಾಸಗಿ ದೂರನ್ನು ಮ್ಯಾಜಿಸ್ಟ್ರೇಟರು ಗಮನಕ್ಕೆ ತೆಗೆದುಕೊಳ್ಳುವ ಮೊದಲು ಆರೋಪಿಯ ಮಾತು ಕೇಳಲೇಬೇಕು ಎಂದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಮು ಹೇಳುತ್ತದೆ. ಆಟ ಕೊಂಡ ರಸೀದಿ, ಆಡಿದ ರೆಕಾರ್ಡಿಂಗು, ಕಂಪನಿಗೆ ಬರೆದ ದೂರು, ಎಲ್ಲವೂ ಎರಡು ಕಡೆ ಜೋಪಾನವಾಗಿರಲಿ. ತಾಲೂಕಿನ ವಕೀಲರೊಬ್ಬರನ್ನು ಕಂಡು ಉತ್ತರ ಬರೆಸಿ. ಇಂಗ್ಲಿಷಿನಲ್ಲಿ ಬಂದ ನೋಟಿಸಿಗೆ ಕನ್ನಡದಲ್ಲಿ ಉತ್ತರ ಕೊಡಬಾರದು ಎಂದು ಯಾವ ಕಾನೂನಿನಲ್ಲೂ ಇಲ್ಲ. ಅನುವಾದ ಮಾಡಿಸಿಕೊಳ್ಳುವ ಖರ್ಚು ಈ ಸಲ ಅವರದಾಗಲಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.