ತೊಂಬತ್ತು ಚೌಕಗಳ ಚೆಂಡು

ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಒಂಬತ್ತನೇ ತರಗತಿಯ ಮಕ್ಕಳಿಂದ ಕಾಗದದ ಚೆಂಡು ಮಾಡಿಸಲು ಹೊರಟಿದ್ದೆ. ಅಂತಿಂಥ ಚೆಂಡಲ್ಲ, ಇಂಗಾಲದ ಅರವತ್ತು ಪರಮಾಣುಗಳು ಫುಟ್‌ಬಾಲಿನ ಹೊಲಿಗೆಯಂತೆ ಕೂಡಿಕೊಂಡ ಅಣುವಿನ ಮಾದರಿ. ಆ ಅಣು ಪತ್ತೆಯಾದದ್ದು ೧೯೮೫ರಲ್ಲಿ. ಅದಕ್ಕಾಗಿ ಕ್ರೋಟೋ, ಕರ್ಲ್ ಮತ್ತು ಸ್ಮಾಲಿ ಎಂಬ ಮೂವರಿಗೆ ೧೯೯೬ರಲ್ಲಿ ನೊಬೆಲ್ ಬಂತು.

ಅಮೆರಿಕದ ಗಣಿತಜ್ಞ ಥಾಮಸ್ ಹಲ್ ಇದಕ್ಕೆ ಹೇಳಿ ಮಾಡಿಸಿದಂಥ ಮಡಿಕೆಯೊಂದನ್ನು ರೂಪಿಸಿದ್ದಾರೆ. ಚೌಕ ಹಾಳೆಯನ್ನು ಬೀಸಣಿಗೆಯಂತೆ ನಾಲ್ಕು ಪಟ್ಟಿಯಾಗಿ ಮಡಿಸಿ, ತುದಿಗಳನ್ನು ಓರೆಯಾಗಿ ಮಡಿಸಿದರೆ ಒಂದು ಕೊಂಡಿ ಸಿದ್ಧ. ಒಂದರ ತುದಿ ಇನ್ನೊಂದರ ಜೇಬಿನೊಳಗೆ ಹೋಗಿ ಕೂರುತ್ತದೆ. ಅಂಟು ಬೇಡ, ದಾರ ಬೇಡ. ಮೂರು ಕೊಂಡಿ ಸೇರಿದಲ್ಲಿ ಒಂದು ಪರಮಾಣು. ಅರವತ್ತನ್ನು ಮೂರರಿಂದ ಗುಣಿಸಿ, ಪ್ರತಿ ಕೊಂಡಿಯೂ ಇಬ್ಬರ ಪಾಲಿನದಾದ್ದರಿಂದ ಅರ್ಧ ಮಾಡಿ: ತೊಂಬತ್ತು. ಆರು ತಂಡಗಳಿಗೆ ೫೪೦ ಚೌಕ ಬೇಕು.

ಇಷ್ಟು ಚೌಕ ತರುವುದೆಲ್ಲಿಂದ? ಒರಿಗಾಮಿಗೆಂದೇ ಬರುವ ಬಣ್ಣದ ಹಾಳೆಯ ಕಟ್ಟು ಶಾಲೆಯ ಜೇಬಿಗೆ ಭಾರ. ಮೇಜಿನ ಮೇಲಿಡುವ ಚೀಟಿಗಳ ಗಟ್ಟಿ ಒಳ್ಳೆಯದೇ, ಆದರೆ ಅಂಚಿಗೆ ಅಂಟು ಬಳಿದಿದ್ದರೆ ಮಡಿಕೆ ಕೆಡುತ್ತದೆ. ಮಕ್ಕಳ ಕೈಗೆ ಕತ್ತರಿ ಕೊಟ್ಟರೆ ೫೪೦ ಹಾಳೆಗೆ ೫೪೦ ಅಳತೆ! ಉಳಿದದ್ದು ಮುದ್ರಣಾಲಯ. ಎ-೪ ಹಾಳೆಯಲ್ಲಿ ಏಳು ಸೆಂಟಿಮೀಟರಿನ ಹನ್ನೆರಡು ಚೌಕ ಸಿಗುತ್ತವೆ, ದಂಡವಾಗುವುದು ೧೭ ಮಿಲಿಮೀಟರಿನ ಒಂದು ಪಟ್ಟಿ ಮಾತ್ರ. ಐವತ್ತು ಹಾಳೆ ಕೊಟ್ಟು ೬೦೦ ಚೌಕ ತಂದೆ. ಕತ್ತರಿಸಿದ್ದಕ್ಕೆ ಕಾಸೂ ಕೇಳಲಿಲ್ಲ.

ಮಕ್ಕಳು ವಾರವಿಡೀ ಮಡಿಸಿದರು. ಜೋಡಿಸಲು ಕೂತಾಗ ಯಾವ ಚೆಂಡೂ ಮುಚ್ಚಿಕೊಳ್ಳಲೊಲ್ಲದು. ಕೆಲವು ತುದಿ ಜೇಬಿಗೆ ಇಳಿಯವು, ಕೆಲವು ಇಳಿದರೂ ಸಡಿಲ. ಮೊದಲ ಬೆಂಚಿನ ಹುಡುಗನೊಬ್ಬ, ಅವಸರದವನೆಂದು ಹೆಸರಾದವನು, ಕೈಗೆ ಸಿಕ್ಕ. ಅಂಚಿಗೆ ಅಂಚು ಕೂಡಿಸಿ ಮಡಿಸಲು ಬರುವುದಿಲ್ಲವೇ ಎಂದು ಎಲ್ಲರೆದುರು ಗದರಿದೆ. ಅವನು ಏನೂ ಹೇಳದೆ ಜಾಮಿಟ್ರಿ ಪೆಟ್ಟಿಗೆಯಿಂದ ಅಳತೆಪಟ್ಟಿ ತೆಗೆದು, ಮಡಿಸದೇ ಉಳಿದಿದ್ದ ಹಾಳೆಯ ಮೇಲಿಟ್ಟು ತೋರಿಸಿದ. ಒಂದು ಕಡೆ ೭೦ ಮಿಲಿಮೀಟರ್, ಇನ್ನೊಂದು ಕಡೆ ೭೨.

ಸಂಜೆ ಮುದ್ರಣಾಲಯಕ್ಕೆ ಹೋಗಿ ವಿಚಾರಿಸಿದೆ. ಒಂದು ದಿಕ್ಕಿನಲ್ಲಿ ಕತ್ತರಿಸಿ ಮುಗಿಸುವಷ್ಟರಲ್ಲಿ ಯಾರದೋ ಮದುವೆ ಪತ್ರಿಕೆ ಬಂದಿತ್ತಂತೆ. ಅದಕ್ಕಾಗಿ ಯಂತ್ರದ ಹಿಂದಿನ ಅಳತೆಯ ಅಡ್ಡಪಟ್ಟಿಯನ್ನು ಸರಿಸಿದರು, ಆಮೇಲೆ ಅಂದಾಜಿನಲ್ಲಿ ಹಿಂದಕ್ಕೆ ತಂದರು. ಮದುವೆ ಪತ್ರಿಕೆಗೆ ಎರಡು ಮಿಲಿಮೀಟರ್ ಯಾವ ಲೆಕ್ಕ?

ಆದರೆ ರಾತ್ರಿ ಕೂತು ಯೋಚಿಸಿದಾಗ ತಿಳಿಯಿತು, ತಪ್ಪು ಆ ಎರಡು ಮಿಲಿಮೀಟರಿನದಷ್ಟೇ ಅಲ್ಲ. ಎಲ್ಲರೂ ಒಂದೇ ದಿಕ್ಕಿಗೆ ಮಡಿಸಿದ್ದರೆ ೫೪೦ ಕೊಂಡಿಗಳೂ ಒಂದೇ ತೆರನಾಗಿ ವಕ್ರವಾಗಿರುತ್ತಿದ್ದವು, ಚೆಂಡೂ ಮುಚ್ಚುತ್ತಿತ್ತು. ಹಾಗಾಗಲಿಲ್ಲ. ಕೆಲವರು ೭೦ರ ಅಂಚನ್ನು ನಾಲ್ಕು ಮಾಡಿದರು, ಪಟ್ಟಿಯ ಅಗಲ ಹದಿನೇಳೂವರೆ. ಕೆಲವರು ೭೨ರದನ್ನು, ಅಗಲ ಹದಿನೆಂಟು. ಹದಿನೆಂಟು ಹದಿನೇಳೂವರೆಯ ಜೇಬಿಗೆ ಹೋಗುವುದು ಹೇಗೆ? ೨೦೦೫ರಲ್ಲಿ ಜನೀನ್ ಮೋಸ್ಲಿ ಎಂಬ ಅಮೆರಿಕದ ಮಹಿಳೆ ೬೬,೦೪೮ ವಿಸಿಟಿಂಗ್ ಕಾರ್ಡುಗಳನ್ನು ಮಡಿಸಿ ಆಳೆತ್ತರಕ್ಕೆ ಸನಿಹದ ಘನಾಕೃತಿಯೊಂದನ್ನು ಮುಗಿಸಿದರು. ವಿಸಿಟಿಂಗ್ ಕಾರ್ಡು ಚೌಕವೇ ಅಲ್ಲವಲ್ಲ! ಎಲ್ಲವೂ ಒಂದೇ ಅಳತೆಯವು, ಅಷ್ಟೇ.

ಈ ತಾಪತ್ರಯ ಹೊಸದಲ್ಲ. ೧೮೯೩ರಲ್ಲಿ ಮದರಾಸಿನಲ್ಲಿ ಕಾಗದ ಮಡಿಕೆಯ ರೇಖಾಗಣಿತದ ಬಗ್ಗೆ ಪುಸ್ತಕ ಪ್ರಕಟಿಸಿದ ಟಿ. ಸುಂದರರಾಯರು, ಶಿಶುವಿಹಾರದ ಮಕ್ಕಳಿಗೆಂದು ಮಾರುತ್ತಿದ್ದ ಇನ್ನೂರು ಬಣ್ಣದ ಚೌಕಗಳ ಕಟ್ಟನ್ನು ಅದರಲ್ಲಿ ಹೆಸರಿಸಿದ್ದಾರೆ. ಪುಸ್ತಕದ ಮೊದಲ ಪಾಠವೇ ವಕ್ರ ಹಾಳೆಯಿಂದ ಚೌಕ ಪಡೆಯುವುದು.

ಈಗ ಕತ್ತರಿಸಲು ಕೊಡುವಾಗ ಮೂರು ಮಾತು ಹೇಳುತ್ತೇನೆ. ಎರಡು ದಿಕ್ಕಿನ ಕೆಲಸ ಮುಗಿಯುವವರೆಗೆ ಅಡ್ಡಪಟ್ಟಿ ಮುಟ್ಟಬಾರದು. ಇಡೀ ರೀಮನ್ನು ಒಮ್ಮೆಗೇ ಇಡಬಾರದು, ಅಲಗು ಮೊಂಡಾಗಿದ್ದರೆ ದಪ್ಪ ಕಟ್ಟಿನ ಮೇಲಿನ ಹಾಳೆಗೂ ಕೆಳಗಿನದಕ್ಕೂ ಅಳತೆ ಬದಲಾಗುತ್ತದೆ. ಕಟ್ಟು ಬಿಚ್ಚುವ ಮೊದಲು ಅದರ ಒಂದು ಬದಿಗೆ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಪ್ರತಿ ಹಾಳೆಯ ಅಂಚಿನಲ್ಲೂ ಚುಕ್ಕೆ ಉಳಿದು, ಎಲ್ಲರೂ ಅದನ್ನು ತಮ್ಮ ಕಡೆ ಇಟ್ಟುಕೊಂಡು ಮಡಿಸಬಹುದು. ಕಾಗದದ ನಾರು ಒಂದೇ ದಿಕ್ಕಿಗೆ ಬರುವುದು ಅದರ ಮೇಲಿನ ಲಾಭ.

ಮರುದಿನ ತರಗತಿಯಲ್ಲಿ ಎಲ್ಲರೆದುರೇ ಆ ಹುಡುಗನಿಗೆ ತಪ್ಪಾಯಿತು ಎಂದೆ. ಬಳಿಕ ಕೊಂಡಿಗಳನ್ನೆಲ್ಲ ಅಳೆದು ಎರಡು ರಾಶಿ ಮಾಡಿಸಿದೆ: ಉದ್ದನೆಯವು ೨೯೦, ಗಿಡ್ಡವು ೨೫೦. ಮೊದಲ ರಾಶಿಯಲ್ಲಿ ಮೂರು ಚೆಂಡು, ಎರಡನೆಯದರಲ್ಲಿ ಎರಡು, ಸಲೀಸಾಗಿ ಮುಚ್ಚಿಕೊಂಡವು. ಉಳಿದದ್ದು ಉದ್ದನೆಯವು ೨೦, ಗಿಡ್ಡವು ೭೦. ಮಡಿಸದೇ ಇದ್ದ ಅರವತ್ತು ಹಾಳೆಯಲ್ಲಿ ಇಪ್ಪತ್ತನ್ನು ಎತ್ತಿಕೊಂಡು ಅವನೇ ಗಿಡ್ಡ ಕೊಂಡಿಗಳನ್ನು ಮಡಿಸಿದ, ಪ್ರತಿಯೊಂದನ್ನೂ ಮೊದಲು ಅಳೆದು.