ಆಮಂತ್ರಣ ಪತ್ರಿಕೆ ಮುಟ್ಟುವ ಮನೆಗೆ ಗುಳಿಗೆ ಮುಟ್ಟದೇಕೆ?



ಜಾತ್ರೆ ಸಮೀಪಿಸಿತೆಂದರೆ ನಮ್ಮ ತರುಣರು ಆಮಂತ್ರಣ ಪತ್ರಿಕೆಗಳ ಕಟ್ಟುಗಳನ್ನು ಹೊತ್ತು ಹಳ್ಳಿಹಳ್ಳಿಗೂ ಹೋಗುತ್ತಾರೆ. ಒಂದು ಮನೆಯೂ ತಪ್ಪುವುದಿಲ್ಲ. ತಪ್ಪಿದರೆ ಆ ಮನೆಯವರು ನಮ್ಮಲ್ಲಿಗೆ ಬಂದು ದೂರುತ್ತಾರೆ. ಅದೇ ಓಣಿಯಲ್ಲಿ ರಕ್ತದೊತ್ತಡದ ಗುಳಿಗೆ ತೀರಿ ತಿಂಗಳಾದ ಮುದುಕಿಯ ಮನೆಗೆ ಹೋಗುವವರಿಲ್ಲ. ಆಕೆ ದೂರುವುದೂ ಇಲ್ಲ.

ಇದನ್ನು ಪರರ ಮೇಲಿನ ಆಕ್ಷೇಪವೆಂದು ತಾವು ಭಾವಿಸಬಾರದು. ಕೆಲವು ವರ್ಷಗಳ ಹಿಂದೆ ಒಂದು ಗ್ರಾಮದಲ್ಲಿ ಉಚಿತ ಆರೋಗ್ಯ ಶಿಬಿರವನ್ನು ನಾವೇ ಉದ್ಘಾಟಿಸಿದೆವು. ಮಂಟಪ, ಫಲಕ, ಹಾರತುರಾಯಿ, ಛಾಯಾಚಿತ್ರ ಎಲ್ಲವೂ ಇದ್ದವು. ಒಬ್ಬ ತಾಯಿಗೆ ರಕ್ತದೊತ್ತಡವೂ ಸಕ್ಕರೆ ಕಾಯಿಲೆಯೂ ಇರುವುದು ಅಂದೇ ತಿಳಿಯಿತು. ಹದಿನೈದು ದಿನದ ಗುಳಿಗೆ ಕೊಟ್ಟು ಕಳಿಸಿದರು. ಮರುವರ್ಷ ಆ ಊರಿಗೆ ಹೋದಾಗ ಆಕೆ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದಳು. “ಗುಳಿಗಿ ತೀರಿದ್ವುರೀ ಅಪ್ಪಾರ. ದವಾಖಾನಿಗೆ ಹೋದ್ರ ಒಂದ್ ದಿನದ ಕೂಲಿ ಹೋಗ್ತದಂತ ಬಿಟ್ವಿ” ಎಂದು ಸೊಸೆ ತಲೆತಗ್ಗಿಸಿ ನುಡಿದಳು. ತಲೆ ತಗ್ಗಿಸಬೇಕಾದವರು ನಾವಾಗಿದ್ದೆವು.

ರಕ್ತದೊತ್ತಡವು ಬಹುಮಟ್ಟಿಗೆ ನೋವು ಕೊಡದ ಕಾಯಿಲೆ. ನೋಯದ ಕಾಯಿಲೆಗಾಗಿ ಬಡವನು ಕೂಲಿ ಬಿಡುವುದಿಲ್ಲ. ಮೂರ್ಛೆರೋಗದ ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ಸೆಳವು ಮರುಕಳಿಸಿ ಪ್ರಾಣಕ್ಕೇ ಎರವಾಗಬಹುದು. ವರ್ಷವಿಡೀ, ಅನೇಕರಿಗೆ ಬದುಕಿನುದ್ದಕ್ಕೂ ಇರುವ ವ್ಯಾಧಿಗೆ ಒಂದು ದಿನದ ಶಿಬಿರವನ್ನು ಮಾಡಿ ಸೇವೆಯಾಯಿತೆಂದು ಹೇಳಿಕೊಳ್ಳುವುದು ಆತ್ಮವಂಚನೆಯಲ್ಲದೆ ಮತ್ತೇನು? ದಾಸೋಹವೆಂದರೆ ಪಂಕ್ತಿಗೆ ಬಂದವರಿಗೆ ಬಡಿಸುವುದಷ್ಟೇ ಆದರೆ, ಪಂಕ್ತಿಯವರೆಗೆ ನಡೆದು ಬರಲಾರದವನ ಪಾಲು ಯಾರದು?

ಇದು ಸರಕಾರದ ಕೆಲಸವೆಂದು ಕೆಲವರು ವಾದಿಸುತ್ತಾರೆ. ನಿಜ, ಸರಕಾರದ್ದೇ. ತಮಿಳುನಾಡು 2021ರ ಆಗಸ್ಟ್ ತಿಂಗಳಲ್ಲಿ ಕೃಷ್ಣಗಿರಿ ಜಿಲ್ಲೆಯಿಂದ ಆರಂಭಿಸಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಔಷಧವನ್ನು ಮನೆಯ ಬಾಗಿಲಿಗೇ ಒಯ್ಯುತ್ತದೆ. ನಮ್ಮ ರಾಜ್ಯದಲ್ಲಿಯೂ 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ‘ಗೃಹ ಆರೋಗ್ಯ’ ಮೊದಲಾಯಿತು. ಆದರೆ ತಮಿಳುನಾಡಿನಲ್ಲಿ ಆ ಔಷಧವನ್ನು ಹೊತ್ತು ನಡೆಯುವವರು ಯಾರು? ಸ್ವಸಹಾಯ ಸಂಘಗಳಿಂದ ಬಂದ ಹೆಣ್ಣುಮಕ್ಕಳು. ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ನೋವು ಮತ್ತು ಉಪಶಾಮಕ ಚಿಕಿತ್ಸೆಗಾಗಿ ಒಂದು ಸಂಸ್ಥೆ ಹುಟ್ಟಿತು. ಆ ಸೇವೆಯನ್ನು ಮಲಪ್ಪುರಂ ಮೊದಲಾದ ಕಡೆ ಮನೆಮನೆಗೆ ಒಯ್ದವರು ನೆರೆಹೊರೆಯ ಸಾಮಾನ್ಯರು; ಆ ರಾಜ್ಯದ ಸರಕಾರ ಅದಕ್ಕೊಂದು ನೀತಿಯನ್ನು ಪ್ರಕಟಿಸಿದ್ದು 2008ರಲ್ಲಿ. ಜನ ಮೊದಲು ನಡೆದರು, ಸರಕಾರ ಆಮೇಲೆ ಬಂದಿತು. ನಮ್ಮ ಆಶಾ ಕಾರ್ಯಕರ್ತೆಯರ ಮೇಲೆ ಈಗಾಗಲೇ ಹೇರಿರುವ ಹೊರೆಯನ್ನು ನೋಡಿಯೂ, ಅದನ್ನೂ ಅವರೇ ಮಾಡಲೆಂದು ಕೈಕಟ್ಟಿ ಕುಳಿತುಕೊಳ್ಳುವುದು ತರವಲ್ಲ.

ಅರೆತಿಳಿದವರ ಕೈಗೆ ಔಷಧ ಕೊಡಬಹುದೇ ಎಂಬ ಆಕ್ಷೇಪಣೆ ಮಾತ್ರ ಗಂಭೀರವಾದುದು. ಸ್ವಯಂಸೇವಕನು ವೈದ್ಯನಲ್ಲ. ವೈದ್ಯರು ಬರೆದ ಔಷಧವನ್ನು ಬರೆದ ಪ್ರಮಾಣದಲ್ಲಿಯೇ ಮುಟ್ಟಿಸಬೇಕು. ತನ್ನ ಬುದ್ಧಿಯಿಂದ ಅರ್ಧ ಗುಳಿಗೆಯನ್ನೂ ಹೆಚ್ಚಿಸಬಾರದು, ಇಳಿಸಬಾರದು. ಇನ್ನೂ ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕೆಂಬುದನ್ನು ಅವನು ಅರಿತಿರಬೇಕು. ಬಿಸಿಲಲ್ಲಿ ನಿಂತ ಮೋಟಾರ್ ಸೈಕಲ್ಲಿನ ಚೀಲದಲ್ಲಿ ಅದು ಕೆಡುತ್ತದೆ. ಕಾಲಿನ ಹುಣ್ಣು, ಏರಿದ ಉಸಿರು, ತೊದಲುವ ಮಾತು ಕಂಡರೆ ತಡಮಾಡದೆ ಆಸ್ಪತ್ರೆಗೆ ಕಳಿಸಬೇಕು. ಯಾರಿಗೆ ಯಾವ ಕಾಯಿಲೆಯೆಂಬ ಸುದ್ದಿ ಊರ ಕಟ್ಟೆಗೆ ಬರಕೂಡದು. (ನಮ್ಮ ಕಟ್ಟೆಗಳ ನಾಲಗೆ ಎಷ್ಟು ಉದ್ದವೆಂಬುದು ತಮಗೂ ಗೊತ್ತು.) ಇದನ್ನೆಲ್ಲ ಕಲಿಸಬಲ್ಲ ವೈದ್ಯರು, ದಾದಿಯರು, ಔಷಧ ವ್ಯಾಪಾರಿಗಳು ಶ್ರೀಮಠದ ಹಳೆಯ ವಿದ್ಯಾರ್ಥಿಗಳಲ್ಲಿಯೇ ಎಷ್ಟೋ ಜನರಿದ್ದಾರೆ. ಜಾತ್ರೆಯಲ್ಲಿ ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. ಕೆಲಸ ಮಾತ್ರ ಹೇಳುವುದಿಲ್ಲ.

ಆದುದರಿಂದ ಈ ಸಲ ಪತ್ರಿಕೆ ಹಂಚುವವರು ಒಂದು ವಹಿಯನ್ನೂ ಒಯ್ಯಲಿ. ನಿತ್ಯ ಗುಳಿಗೆ ನುಂಗುವವರು ಯಾವ ಮನೆಯಲ್ಲಿದ್ದಾರೆ, ಆ ಗುಳಿಗೆ ಎಲ್ಲಿಂದ ಬರುತ್ತದೆ, ಯಾವ ತಾರೀಖಿಗೆ ತೀರುತ್ತದೆ ಎಂಬುದನ್ನು ಮನೆಯವರ ಒಪ್ಪಿಗೆ ಪಡೆದು ಬರೆದುಕೊಂಡು ಬರಲಿ. ಶಿಬಿರಕ್ಕೆಂದು ಕೂಡಿಸಿದ ಹಣ ಹಾಗೆಯೇ ಇದೆ. ಮಂಟಪ ಈ ವರ್ಷ ಬೇಡ.